ಮಹಡಿಯ ಮೇಲೊಂದು ದೀಪಸ್ತಂಭ

ಆ ಮಂಗಳವಾರ ಬೆಳಿಗ್ಗೆಯೂ ಎಂದಿನಂತೆ ಹಾಲು ಕಾಸಿ, ಡಿಕಾಕ್ಷನ್ ಇಳಿಸಿ, ಯಜಮಾನರ ಡಬ್ಬಿಗೆ ಚಪಾತಿ ತುಂಬಿ, ಒಗೆದ ಎರಡು ಹೊದಿಕೆಗಳನ್ನು ಬಕೆಟ್ಟಿನಲ್ಲಿಟ್ಟುಕೊಂಡು ಮಹಡಿ ಹತ್ತಿದೆ. ಬಟ್ಟೆ ಒಣಹಾಕುವ ತಂತಿ ಇರಲಿಲ್ಲ! ಎಲ್ಲಿ ಹೋಯಿತು? ಹಡಗು ಕಾಯಲು ಹೋಗಿತ್ತು.

ಬೆಂಗಳೂರಿನ ಜೀವನ್ ಬಿಮಾ ನಗರದಲ್ಲಿ ಹಡಗುಗಳು ಬಂಡೆಗೆ ಬಡಿಯದಂತೆ ನೋಡಿಕೊಳ್ಳುವ ಏಕೈಕ ವ್ಯಕ್ತಿ ನಮ್ಮ ಮನೆಯಲ್ಲಿದ್ದಾರೆ. ಅವರು ನನ್ನ ಯಜಮಾನರ ಅಣ್ಣ, ಅಂದರೆ ನನ್ನ ಭಾವ. ನಿವೃತ್ತರು, ಮದುವೆಯಾಗದವರು, ಮಹಡಿ ಕೋಣೆಯ ಚಕ್ರವರ್ತಿಗಳು.

ತಪ್ಪು ನಮ್ಮದೇ. ಹೋದ ವರ್ಷ ಅವರನ್ನು ಕರಾವಳಿಯ ರೆಸಾರ್ಟೊಂದಕ್ಕೆ ಕರೆದುಕೊಂಡು ಹೋದೆವು. ಅಲ್ಲಿ ಮಾಲೀಕರು ದೋಣಿಕಟ್ಟೆಯ ಮೇಲೆ ಸ್ವಂತ ಖರ್ಚಿನಲ್ಲಿ ದೀಪಸ್ತಂಭ ಕಟ್ಟಿಸಿದ್ದರು. ನಾವೆಲ್ಲ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡೆವು. ಭಾವ ಮಾತ್ರ ಬೀಗ ಹಾಕಿದ ಬಾಗಿಲನ್ನು ತಟ್ಟಿ ನೋಡಿ, ಒಳಗೆ ಮೆಟ್ಟಿಲೂ ಇಲ್ಲ, ಕಾಯುವವನೂ ಇಲ್ಲ ಎಂದು ಮ್ಯಾನೇಜರ್ ಜೊತೆ ಜಗಳ ತೆಗೆದರು. ಗೆಸ್ಟುಗಳು ಅದನ್ನೆಲ್ಲ ಕೇಳುವುದಿಲ್ಲ ಎಂದು ಆತ ನಕ್ಕುಬಿಟ್ಟ. ಆ ನಗುವಿನ ಫಲವನ್ನು ನಾನು ಉಣ್ಣುತ್ತಿದ್ದೇನೆ!

ಊರಿಗೆ ಬಂದವರೇ ಮೂರು ತಗಡಿನ ಡ್ರಮ್ಮುಗಳನ್ನು ಒಂದರ ಮೇಲೊಂದು ಬೆಸುಗೆ ಹಾಕಿಸಿ, ಕೆಂಪು ಬಿಳಿ ಪಟ್ಟೆ ಬಳಿದು, ತುದಿಗೆ ಗಾಜಿನ ಗೂಡು ಕೂರಿಸಿದರು. ದೀಪ ಸುತ್ತಬೇಕಲ್ಲ? ನನ್ನ ಟೇಬಲ್ ಫ್ಯಾನಿನ ರೆಕ್ಕೆ ಬಿಚ್ಚಿ, ಫ್ಯಾನಿನ ಕತ್ತಿಗೆ ದೀಪ ಕಟ್ಟಿದರು. ಫ್ಯಾನು ಎಲ್ಲಾದರೂ ಪೂರ್ತಿ ಸುತ್ತುತ್ತದೆಯೇ? ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಕತ್ತು ಆಡಿಸುತ್ತದೆ. ಬರುವ ಹಡಗುಗಳಿಗೆಲ್ಲ ಬೇಡ ಬೇಡ ಎಂದು ತಲೆಯಾಡಿಸುವ ದೀಪಸ್ತಂಭ ಜಗತ್ತಿನಲ್ಲಿ ಇದೊಂದೇ ಇರಬೇಕು.

ಹಳೆಯ ವಿಮಾನ ನಿಲ್ದಾಣ ಹತ್ತಿರವಿದೆಯಲ್ಲ, ಒಂದು ದಿನ ಪೊಲೀಸಿನವರೊಬ್ಬರು ವಿಚಾರಿಸಲು ಬಂದರು. ವಿಮಾನಕ್ಕಾ ಸಾರ್ ಇದು ಎಂದು ಕೇಳಿದರು. ಅಲ್ಲ, ಹಡಗಿಗೆ ಎಂದರು ಭಾವ.

"ಇಲ್ಲಿ ಹಡಗೆಲ್ಲಿದೆ ಸಾರ್?"

"ಕಟ್ಟಿದ ಮೇಲೆ ಒಂದಾದ್ರೂ ಮುಳುಗಿದ್ಯಾ, ನೀವೇ ಹೇಳಿ."

ಅವರು ಕಾಫಿ ಕುಡಿದು, ಸ್ತಂಭದ ಪಕ್ಕ ಸೆಲ್ಫಿ ತೆಗೆದುಕೊಂಡು ಹೋದರು. ಕಾಫಿ ಯಾರು ಮಾಡಿದ್ದು? ನಾನು!

ಇಷ್ಟೆಲ್ಲ ನುಂಗಿಕೊಂಡವಳಿಗೆ ಆ ಮಂಗಳವಾರ ತಂತಿಯೂ ಹೋಗಿತ್ತು. ಗಾಳಿಗೆ ಅಲುಗದಿರಲೆಂದು ಸ್ತಂಭವನ್ನು ಅದರಿಂದಲೇ ಬಿಗಿದು ಕಟ್ಟಿದ್ದರು. ನಾನು ಒದ್ದೆ ಹೊದಿಕೆ ಹಿಡಿದು ಅವರ ಕೋಣೆಯ ಬಾಗಿಲಲ್ಲಿ ನಿಂತೆ. ನೀರು ಮೊಣಕೈಯಿಂದ ಪಾದಕ್ಕೆ ಸುರಿಯುತ್ತಿತ್ತು. ಕೋಪ ಬಂದರೆ ನನ್ನ ದನಿ ಇನ್ನೂ ಮೆತ್ತಗಾಗುತ್ತದೆ. ಕಾನ್ವೆಂಟಿನ ಸಿಸ್ಟರುಗಳು ಹಾಗೆ ತಿದ್ದಿದ್ದಾರೆ. ಸಿಟ್ಟಿನ ತುತ್ತತುದಿಯಲ್ಲಿ 'ದಯವಿಟ್ಟು' ಎನ್ನುತ್ತೇನೆ. ಕೇಳಿದವರು, ಪಾಪ, ಊಟಕ್ಕೆ ಕರೆಯುತ್ತಿದ್ದಾಳೆ ಎಂದುಕೊಳ್ಳುತ್ತಾರೆ.

"ಭಾವ, ದಯವಿಟ್ಟು ಇದನ್ನ ಇವತ್ತೇ ತೆಗೆಸಿ. ಈ ಮನೇಲಿ ಇದಿರ್ಬೇಕು, ಇಲ್ಲ ನಾನಿರ್ಬೇಕು."

ಹದಿನೆಂಟು ವರ್ಷಗಳಲ್ಲಿ ನಾನು ಅವರಿಗೆ ಎದುರಾಡಿದ್ದು ಅದೇ ಮೊದಲು. ಕೆಳಗೆ ಯಜಮಾನರ ಪೇಪರು ಮಗುಚುವ ಸದ್ದು ನಿಂತಿತು. ವಾದಕ್ಕೆ ನಾನು ಸಿದ್ಧಳಾಗಿದ್ದೆ. ಫ್ಯಾನು, ತಂತಿ, ಪೊಲೀಸಿನವರ ಕಾಫಿ ಎಲ್ಲ ನಾಲಿಗೆಯ ತುದಿಯಲ್ಲಿತ್ತು. ಭಾವ ವಾದಿಸಲೇ ಇಲ್ಲ. ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿಕೊಂಡರು.

"ಆಯ್ತಮ್ಮ. ನೀನಿರು."

ಗೆದ್ದೆನಲ್ಲ! ಹೊದಿಕೆಗಳನ್ನು ಗೋಡೆಯ ಮೇಲೆ ಹರವಿ ಬಂದೆ. ಮಧ್ಯಾಹ್ನವೆಲ್ಲ ಮೇಲಿನಿಂದ ಸ್ಕ್ರೂ ಬಿಚ್ಚುವ ಸದ್ದು ಕೇಳುತ್ತಿತ್ತು. ಊಟಕ್ಕೆ ಕರೆದರೆ ಆಮೇಲೆ ಬರುತ್ತೇನೆ ಎಂದರು. ಬರದಿದ್ದರೆ ಬಿಡಲಿ ಎಂದು ನಾನೂ ಸಾರಿನ ಪಾತ್ರೆ ಮುಚ್ಚಿಟ್ಟೆ.

ಮಂಗಳವಾರ ಮತ್ತು ಶುಕ್ರವಾರ ಸಂಜೆ ಮರ್ಫಿ ಟೌನಿನ ಕೆಲವು ಮಕ್ಕಳಿಗೆ ಇಂಗ್ಲಿಷ್ ಓದಿಸಲು ಹೋಗುತ್ತೇನೆ. ಹಿಂತಿರುಗುವಾಗ ಏಳು ದಾಟುತ್ತದೆ. ನಮ್ಮ ತಿರುವಿನ ಬೀದಿದೀಪ ಕೆಟ್ಟು ತಿಂಗಳುಗಳಾಗಿವೆ. ಆದರೆ ಅಲ್ಲಿ ಅಷ್ಟೊಂದು ಕತ್ತಲಿದೆ ಎಂದು ನನಗೆ ಅನ್ನಿಸಿದ್ದು ಅಂದೇ. ಎದ್ದು ನಿಂತ ಚಪ್ಪಡಿಗೆ ಎಡವಿ ಹೆಬ್ಬೆರಳು ಜಜ್ಜಿಕೊಂಡೆ. ಅದಕ್ಕೂ ಭಾವನ ಮೇಲೆಯೇ ಸಿಟ್ಟು ಬಂತು. ಯಾಕೆ ಎಂದು ಕೇಳಬೇಡಿ.

ಕುಂಟುತ್ತ ಬಂದು ಗೇಟು ತೆಗೆಯುವಾಗ ಎದುರು ಮನೆಯಾಕೆ ಜಗಲಿಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. ತಲೆ ಎತ್ತದೆಯೇ ಹೇಳಿದರು:

"ಬಂದ್ಬಿಟ್ರಾ? ಇವತ್ತು ಗೊತ್ತೇ ಆಗ್ಲಿಲ್ಲ ನೋಡಿ. ಟ್ಯೂಷನ್ ದಿನ ನಿಮ್ಮ ಭಾವ ದೀಪ ಹಚ್ಕೊಂಡು ಮಹಡೀಲೇ ನಿಂತಿರ್ತಾರೆ, ನೀವು ಗೇಟು ಹಾಕಿದ್ಮೇಲೇನೇ ಆರಿಸೋದು. ಅದು ಆರಿದ್ರೆ ನಾನು ಅನ್ನಕ್ಕಿಡೋದು. ಇವತ್ತು ಇನ್ನೂ ಅಕ್ಕೀನೇ ತೊಳೆದಿಲ್ಲ."