ಮದುಮಗನ ಹಗುರ ಶೂ

ಹಗುರವಾದ ವಸ್ತುಗಳನ್ನು ನಾನು ನಂಬುವುದಿಲ್ಲ. ಬಟ್ಟಲು ಹಗುರವಾದರೆ ಸಾರು ಚೆಲ್ಲುತ್ತದೆ, ಕೊಡೆ ಹಗುರವಾದರೆ ಗಾಳಿಗೆ ಮಡಚಿಕೊಳ್ಳುತ್ತದೆ. ಆದರೂ ಎಂಬತ್ತರ ದಶಕದ ಒಂದು ಮಳೆಗಾಲದಲ್ಲಿ ಹಗುರ ಶೂವಿನ ಆಸೆಗೆ ಬಿದ್ದೆ. ಮಣಿಪಾಲದ ಕೆಲವು ಉತ್ಸಾಹಿಗಳು ಮಳೆ ಮುಗಿದ ಮೇಲೆ ಒಂದು ಪಂದ್ಯ ಇಟ್ಟುಕೊಂಡಿದ್ದರು. ಕಾಪುವಿನಲ್ಲಿ ಈಜು, ಅಲ್ಲಿಂದ ಕಾರ್ಕಳಕ್ಕೆ ಸೈಕಲ್, ಕಾರ್ಕಳದಲ್ಲಿ ಓಟ. ಈಜು, ಸೈಕಲ್ ಹೇಗೋ ಆದೀತು. ಓಟಕ್ಕೆ ನನ್ನಲ್ಲಿದ್ದದ್ದು ಒಂದು ಜೊತೆ ಕ್ಯಾನ್ವಾಸ್ ಶೂ, ಒದ್ದೆಯಾದರೆ ರುಬ್ಬುಗುಂಡಿನಷ್ಟು ಭಾರ.

ಹಾಗಿರುವಾಗ ದುಬೈಯಿಂದ ಭಾವ ರಜೆಯಲ್ಲಿ ಬಂದರು. ಮರುದಿನ ಕಪಾಟಿನ ಮೇಲೊಂದು ಪೆಟ್ಟಿಗೆ, ಅದರೊಳಗೆ ಬೆಳ್ಳಗಿನ ಓಟದ ಶೂ. ನನಗಲ್ಲದೆ ಇನ್ಯಾರಿಗೆ? ಕೇಳುವ ಗೋಜಿಗೂ ಹೋಗದೆ ಪರೀಕ್ಷೆಗೆ ಇಳಿದೆ. ಕಡಿಯಾಳಿಯ ಅಂಗಡಿಯ ತಕ್ಕಡಿಯಲ್ಲಿ ಒಂದು ಕಡೆ ಕ್ಯಾನ್ವಾಸ್, ಇನ್ನೊಂದು ಕಡೆ ಇದನ್ನು ಇಟ್ಟರೆ, ಇದರ ತಟ್ಟೆ ಖಾಲಿಯಿದ್ದಂತೆ ಮೇಲೆದ್ದಿತು. ಈಜಿ ಬಂದವನು ಒದ್ದೆ ಕಾಲಿನಲ್ಲೇ ಹಾಕಿಕೊಳ್ಳಬೇಕಲ್ಲ ಎಂದು ಬಾವಿಕಟ್ಟೆಯಲ್ಲಿ ಕಾಲಿಗೆ ನೀರು ಹೊಯ್ದು ಹಾಕಿ ನೋಡಿದೆ. ಯಾರೋ ಕೆಳಗಿನಿಂದ ಹಿಡಿದೆಳೆದ ಹಾಗೆ ಪಾದ ಸರಕ್ಕನೆ ಒಳಗೆ ಹೋಯಿತು. ಆಗಲೇ ನನಗೆ ಸ್ವಲ್ಪ ಅನುಮಾನ ಬರಬೇಕಿತ್ತು.

ಸಂಜೆ ಮಳೆ ಬಿಟ್ಟಾಗ ಮಣಿಪಾಲದ ಏರು ರಸ್ತೆಯಲ್ಲಿ ಓಡಿದೆ. ಹೆಜ್ಜೆಯ ಸದ್ದೇ ಇಲ್ಲ. ಆ ಏರಿನಲ್ಲಿ ನಾನು ಎಂದೂ ಏದುಸಿರು ಬಿಡದೆ ಓಡಿದವನಲ್ಲ. ಅಂದು ಸುಸ್ತೇ ಆಗಲಿಲ್ಲ. ಏದುಸಿರು ಕೇಳುತ್ತಿತ್ತು, ಆದರೆ ಅದು ನನ್ನ ಬೆನ್ನ ಹಿಂದಿನಿಂದ. ನಿಂತರೆ ಅದೂ ನಿಂತಿತು. ತಿರುಗಿ ನೋಡಿದೆ, ಯಾರೂ ಇಲ್ಲ. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಇಳಿಜಾರಿನಲ್ಲಿ ಮನೆಗೆ ಬಂದ ವೇಗವನ್ನು ಪಂದ್ಯದಲ್ಲಿ ತೋರಿಸಿದ್ದರೆ ಕಪ್ ನನ್ನದೇ.

ಕೆಮ್ಮಣ್ಣು ಮೆತ್ತಿದ ಶೂ ಕಂಡು ಅಮ್ಮ ಅಲ್ಲೇ ಕುಳಿತುಬಿಟ್ಟರು. "ನಿನಗೆಂತ ಮರ್ಲಾ? ಅದು ನಿನ್ನ ಮಾವನಿಗೆ ಮದುವೆಗೆ ತರಿಸಿದ್ದು!"

ಅಮ್ಮನ ತಮ್ಮನಾದ ಈ ಮಾವ ನಾನು ಹುಟ್ಟುವ ಮೊದಲೇ, ಮೀಸೆ ಚಿಗುರುವ ಪ್ರಾಯದಲ್ಲಿ ಜ್ವರದಿಂದ ತೀರಿಹೋದವರು. ಮದುವೆಯಾಗದೆ ಸತ್ತವರಿಗೆ ಆಟಿ ತಿಂಗಳಲ್ಲಿ, ಅಂದರೆ ಆಷಾಢದ ಹೊತ್ತಿಗೆ, ಹಾಗೆಯೇ ಸತ್ತ ಹೆಣ್ಣನ್ನು ಹುಡುಕಿ ಮದುವೆ ಮಾಡುವುದು ನಮ್ಮಲ್ಲಿ ಉಂಟು. ಕಾಪುವಿನ ಒಂದು ಮನೆಯಲ್ಲಿ ಹೆಣ್ಣು ಗೊತ್ತಾಗಿತ್ತು. ಓಟದ ಹುಚ್ಚಿದ್ದ ಮಾವ ಬದುಕಿದ್ದಷ್ಟು ಕಾಲ ಬರಿಗಾಲಿನಲ್ಲೇ ಓಡಿದವರು, ಅದಕ್ಕೇ ಶೂ.

"ಮದುಮಗನಿಗೆ ಬಳಸಿದ್ದನ್ನು ಕೊಡುವುದಾ? ಗೊತ್ತಾದರೆ ಅವರು ಸಂಬಂಧವೇ ಬೇಡ ಅನ್ನುತ್ತಾರೆ" ಎಂದು ಅಮ್ಮ ಅತ್ತರು. ಬೇರೆ ತರಿಸಲು ಸಮಯವಿರಲಿಲ್ಲ. ನಾನು ತೆಂಗಿನ ನಾರಿನಲ್ಲಿ ತಿಕ್ಕಿ ತಿಕ್ಕಿ ತೊಳೆದು, ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ, ಒಂದು ಚೂರು ಮಣ್ಣಿಲ್ಲದಂತೆ ಪೆಟ್ಟಿಗೆಗೆ ಹಾಕಿದೆ.

ಮದುವೆಯ ದಿನ ಪೆಟ್ಟಿಗೆ ದಾರಿಯುದ್ದಕ್ಕೂ ಅಮ್ಮನ ಮಡಿಲಲ್ಲೇ ಇತ್ತು. ಕಾಪುವಿನ ಮನೆಯಲ್ಲಿ ಮದುಮಕ್ಕಳ ಬದಲಿಗೆ ಎರಡು ಮಣೆಗಳ ಮೇಲೆ ಸೀರೆ, ಧೋತಿ, ಹೂವು. ಹೆಣ್ಣಿನ ತಾಯಿ ಪೆಟ್ಟಿಗೆ ತೆರೆದು ಶೂ ಎತ್ತಿದರು. ಒಳಗಿನಿಂದ ಒದ್ದೆ ಹೊಯ್ಗೆ ಸುರಿಯಿತು. ಸಮುದ್ರದ ದಂಡೆಯ ಮರಳು. ನಾನು ಓಡಿದ್ದು ಮಣಿಪಾಲದ ಗುಡ್ಡದಲ್ಲಿ!

ನಾನು ಬಾಗಿಲ ಕಡೆಗೆ ಒಂದು ಹೆಜ್ಜೆ ಹಿಂದೆ ಸರಿದೆ. ಆ ತಾಯಿ ಮಾತ್ರ ಹೊಯ್ಗೆಯನ್ನು ಸೆರಗಿಗೆ ಹಾಕಿಕೊಂಡು ಅಳುತ್ತಾ ನಕ್ಕರು. "ನಮ್ಮ ಹುಡುಗಿ ಯಾವಾಗಲೂ ಕಡಲ ಬದಿಯಲ್ಲೇ ಇದ್ದವಳು. ಮದುಮಗ ಮೊದಲೇ ಬಂದು ನೋಡಿ ಹೋಗಿದ್ದಾರೆ ಅಲ್ವಾ?" ಅಮ್ಮ ನನ್ನ ಮುಖ ನೋಡಿದರು. ನಾನು ಮಣೆಯ ಕಡೆ ನೋಡಿದೆ. ಮದುವೆ ಚೆನ್ನಾಗಿಯೇ ನಡೆಯಿತು.

ಪಂದ್ಯದಲ್ಲಿ ನಾನು ಕ್ಯಾನ್ವಾಸಿನಲ್ಲೇ ಓಡಿ ಕೊನೆಯವನಾದೆ. ಅದು ಹೋಗಲಿ. ಆ ಮನೆಯಲ್ಲಿ ಇನ್ನೊಬ್ಬಳು ಮಗಳಿದ್ದಳು, ಜೀವಂತ, ಲಕ್ಷಣವಾದವಳು. ಅಮ್ಮ ನನಗಾಗಿ ಕೇಳಿಸಿದರು. ಉತ್ತರ ಬಹಳ ಮರ್ಯಾದೆಯಿಂದಲೇ ಬಂತು: "ಹುಡುಗ ಒಳ್ಳೆಯವನೇ. ಆದರೆ ಮಾವನಷ್ಟು ಚುರುಕು ಕಾಣುವುದಿಲ್ಲ."