ಎಳೆಯುತ್ತೆ, ಏನೂ ಆಗಲ್ಲ

ನನಗೆ ಕುಡಿತದ ಚಟವಿಲ್ಲ, ಇಸ್ಪೀಟಿನ ಚಟವಿಲ್ಲ. ಇರುವುದು ಒಂದೇ ಚಟ. ಯಾರು ಏನು ಕೇಳಿದರೂ ‘ಗೊತ್ತಿಲ್ಲ’ ಎಂದು ಹೇಳಲಾರೆ. ಮಾರ್ಕೆಟ್ಟಿಗೆ ಯಾವ ಬಸ್ಸು ಹೋಗುತ್ತದೆ ಎಂದು ಅಪರಿಚಿತರು ಕೇಳಿದರೆ ಒಂದು ನಂಬರು ಹೇಳಿ ಕಳಿಸುತ್ತೇನೆ. ಆಮೇಲೆ ಅವರು ಎಲ್ಲಿ ಇಳಿದರೋ ಎಂಬ ಚಿಂತೆ ಸಂಜೆಯವರೆಗೂ ಕಾಡುತ್ತದೆ, ಅದು ಬೇರೆ ಮಾತು. ನನ್ನ ಹೆಂಡತಿ ಸುಶೀಲ ಇದಕ್ಕೆ ‘ಬಾಯಿಯ ತೀಟೆ’ ಎಂದು ಹೆಸರಿಟ್ಟಿದ್ದಾಳೆ. ನಾನು ಪರೋಪಕಾರ ಎಂದುಕೊಂಡಿದ್ದೆ.

ಈ ಚಟಕ್ಕೆ ನೀರೆರೆದದ್ದು ನನ್ನ ನೌಕರಿ. ದೊಡ್ಡನೆಕ್ಕುಂದಿ ಕಡೆಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ನಾನು ಇನ್‌ಸ್ಪೆಕ್ಷನ್ ವಿಭಾಗದವನು. ಹೆಸರು ಕೇಳಿದವರು ಇಡೀ ಯಂತ್ರಗಳನ್ನೇ ಬಿಚ್ಚಿ ನೋಡುವವನೆಂದು ತಿಳಿಯುತ್ತಾರೆ. ನಿಜ ಹೇಳಬೇಕೆಂದರೆ, ಇಪ್ಪತ್ತೈದು ವರ್ಷ ನಾನು ನೋಡಿದ್ದು ನಟ್ಟುಗಳನ್ನು ಮಾತ್ರ. ಅಳತೆಯ ಗೇಜಿಗೆ ಹೋದರೆ ಪಾಸ್, ಹೋಗದಿದ್ದರೆ ರಿಜೆಕ್ಟ್. ಆದರೆ ಮಹದೇವಪುರದ ನಮ್ಮ ಬೀದಿಯಲ್ಲಿ ನಾನು ‘ಇಂಜಿನಿಯರ್ ಸಾರ್’. ಬಾವಿಯ ಮೋಟಾರು ಕೆಟ್ಟರೂ ನಾನೇ, ಗೋಡೆ ಬಿರುಕು ಬಿಟ್ಟರೂ ನಾನೇ. ಹೋಗಿ ಸೊಂಟಕ್ಕೆ ಕೈಯಿಟ್ಟು ನಿಂತು, ಒಂದೆರಡು ಸಲ ತಟ್ಟಿ ನೋಡಿ, “ಏನೂ ಆಗಲ್ಲ” ಎನ್ನುತ್ತೇನೆ. ದೇವರ ದಯೆಯಿಂದ ಹೆಚ್ಚಿನ ಸಲ ಏನೂ ಆಗುವುದಿಲ್ಲ.

ಕೆ.ಆರ್. ಪುರದ ತೂಗುಸೇತುವೆಯ ಕೆಲಸ ಇನ್ನೂ ನಡೆಯುತ್ತಿದ್ದ ಕಾಲವದು. ನಮ್ಮ ಕಾರ್ಖಾನೆಯ ಮರಗೆಲಸದ ಫೋರ್‌ಮನ್ ಆಗಿದ್ದು ನಿವೃತ್ತರಾದ ಸೆಲ್ವರಾಜ್ ಅವರು ಹಲಸೂರಿನ ತಮ್ಮ ಮನೆಯಂಗಳದಲ್ಲಿ ಒಂದು ಮನೆಗಾಡಿ ಕಟ್ಟಿದರು. ಅಂದರೆ ಚಕ್ರದ ಮೇಲಿನ ಮನೆ. ಹಳೆಯ ಲಾರಿಯ ಅಚ್ಚಿನ ಮೇಲೆ ಸಾಗುವಾನಿ ಚೌಕಟ್ಟು, ಎರಡು ಮಂಚ, ಅಡುಗೆ ಕಟ್ಟೆ, ಕಿಟಕಿಗೆ ಹೂವಿನ ಪರದೆ. ಕಟ್ಟಲು ಆರು ವರ್ಷ ಹಿಡಿಯಿತಂತೆ. ಸೆಲ್ವರಾಜ್ ಅವರ ಹೆಂಡತಿ ಮೇರಿಯಮ್ಮನಿಗೆ ದೊಡ್ಡ ಆಪರೇಷನ್ ಆದಾಗ, ಬದುಕಿ ಬಂದರೆ ವೇಲಾಂಕಣ್ಣಿ ಮಾತೆಯ ಇಗರ್ಜಿಗೆ ಬರುತ್ತೇವೆ ಎಂದು ಹರಕೆ ಹೊತ್ತಿದ್ದರು. ಆಕೆಗೆ ಬಸ್ಸಿನಲ್ಲಿ ಕೂತು ಅಷ್ಟು ದೂರ ಹೋಗುವ ಶಕ್ತಿ ಉಳಿದಿರಲಿಲ್ಲ. ಮಲಗಿಕೊಂಡೇ ಹೋಗಲಿ ಎಂದು ಈ ಮನುಷ್ಯ ಮನೆಯನ್ನೇ ಕಟ್ಟಿದ್ದ. ಸುಶೀಲಳಿಗೆ ನಾನು ಒಂದು ಮೊಳೆ ಹೊಡೆದುಕೊಡಲು ಆರು ತಿಂಗಳು ತೆಗೆದುಕೊಂಡಿದ್ದೇನೆ.

ಮನೆಯೇನೋ ಆಯಿತು, ಎಳೆಯುವವರು ಬೇಕಲ್ಲ. ಸೆಲ್ವರಾಜ್ ನನ್ನನ್ನು ಹುಡುಕಿಕೊಂಡು ಬಂದರು. ನಮ್ಮ ಹಿತ್ತಲ ಬಾಡಿಗೆ ಕೋಣೆಯಲ್ಲಿ ಯಾದಗಿರಿ ಕಡೆಯ ಬಸವರಾಜ ಮತ್ತು ಅವನ ಹೆಂಡತಿ ಶರಣಮ್ಮ ಇದ್ದರು. ಬಸವರಾಜನಿಗೆ ಸ್ವಂತದ್ದೊಂದು ಸಣ್ಣ ಪಿಕಪ್ ಗಾಡಿ ಇತ್ತು. ಶಿವಾಜಿನಗರದ ಶಾಮಿಯಾನದ ಅಂಗಡಿಗೆ ಕುರ್ಚಿ, ಪಾತ್ರೆ ಸಾಗಿಸುವುದು ಅವನ ಕೆಲಸ. ತಿನ್ನುವ ಅನ್ನವೂ ಅದೇ ಗಾಡಿ, ಊರಲ್ಲಿ ಹೇಳಿಕೊಳ್ಳುವ ಮರ್ಯಾದೆಯೂ ಅದೇ ಗಾಡಿ.

“ಬಸವರಾಜ್ ಗಾಡಿ ಎಳೆಯುತ್ತಾ ಸಾರ್? ನೀವು ಒಂದು ವಾರ್ತೆ, ಒಂದೇ ಮಾತು ಹೇಳಿಬಿಟ್ರೆ ಸಾಕು, ನಾನು ಮುಂದಿನ ವಾರನೇ ಹೊರಟೆ” ಎಂದರು ಸೆಲ್ವರಾಜ್. ಬಸವರಾಜ ತಲೆ ಕೆರೆದುಕೊಂಡ. “ಕುರ್ಚಿ ಹೊತ್ತದ್ದು ಗೊತ್ತದ್ರಿ, ಮನಿ ಎಳದದ್ದು ಗೊತ್ತಿಲ್ರಿ. ಸರ್ ಏನಂತಾರ ನೋಡ್ರಿ” ಎಂದು ನನ್ನ ಕಡೆ ತಿರುಗಿದ. ನೋಡಿ, ಅವನಿಗೆ ಆ ಮಾತು ಎಷ್ಟು ಸಲೀಸಾಗಿ ಬಂತು!

ಬಸವರಾಜನ ಪಿಕಪ್ಪಿನಲ್ಲೇ ಹಲಸೂರಿಗೆ ಹೋದೆ. ಮನೆಗಾಡಿ ಪಿಕಪ್ಪಿಗಿಂತ ಎತ್ತರ, ಅಗಲ, ಭಾರ. ಮೇಕೆಗೆ ಎಮ್ಮೆ ಕಟ್ಟಿದ ಹಾಗೆ ಕಾಣುತ್ತಿತ್ತು. ಅದಕ್ಕೆ ತನ್ನದೇ ಆದ ಬ್ರೇಕೂ ಇರಲಿಲ್ಲ. ನಾನು ಎರಡು ಟೈರಿಗೆ ಒದ್ದೆ. ಬಗ್ಗಿ ಕೆಳಗೆ ನೋಡಿದೆ. ಕೆಳಗೆ ಏನು ನೋಡಬೇಕೆಂದು ನನಗೆ ತಿಳಿದಿರಲಿಲ್ಲ, ಒಂದು ಬೆಕ್ಕು ಮಲಗಿತ್ತು, ಅದನ್ನು ನೋಡಿದೆ. ಪಿಕಪ್ಪಿನ ಹಿಂದೆ ಕೊಕ್ಕೆ ಬಿಗಿಸಿ ಅಂಗಳದ ಸಮನೆಲದಲ್ಲಿ ನಾಲ್ಕು ಮಾರು ಎಳೆಸಿದೆವು. ಇಂಜಿನ್ನು ಸ್ವಲ್ಪ ನರಳಿತು, ಆದರೆ ಎಳೆಯಿತು. ಮೇರಿಯಮ್ಮ ಬಾಗಿಲಲ್ಲಿ ನಿಂತು ಶಿಲುಬೆಯ ಗುರುತು ಹಾಕಿಕೊಂಡರು. ಆ ಮುಖ ನೋಡಿ ಬೇರೆ ಮಾತು ಹೇಗೆ ಆಡಲಿ? “ಎಳೆಯುತ್ತೆ, ಏನೂ ಆಗಲ್ಲ” ಎಂದೆ.

ಹೊರಡುವ ಭಾನುವಾರ ಬೆಳಿಗ್ಗೆ ಬೀಳ್ಕೊಡಲು ನಾವೆಲ್ಲ ಹಲಸೂರಿನಲ್ಲಿ ಸೇರಿದೆವು. ಗಾಡಿ ಬೀದಿಗಿಳಿದ ಮೇಲೆ ಮೇರಿಯಮ್ಮನನ್ನು ಹತ್ತಿಸುವುದೆಂದು ತೀರ್ಮಾನವಾಗಿತ್ತು. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಾಗಿತ್ತು, ಪಾದ್ರಿಗಳು ನೀರು ಚಿಮುಕಿಸಿ ಹೋಗಿದ್ದರು. ಎರಡು ಕಡೆಯಿಂದಲೂ ಭದ್ರ ಮಾಡಿಕೊಂಡಿದ್ದೆವು. ಆಗ ಅದುವರೆಗೆ ಸುಮ್ಮನಿದ್ದ ಶರಣಮ್ಮ ಸೆರಗು ಸರಿಮಾಡಿಕೊಂಡು ನನ್ನ ಮುಂದೆ ಬಂದಳು.

“ಸರ, ಎಳೀತದ, ಖರೆ ಅದ. ಹೊಸೂರು ದಾಟಿದ ಮ್ಯಾಲ ಇಳುಕಲಾ ಬರ್ತದಂತಲ್ರಿ. ಅಲ್ಲಿ ಹಿಂದಿಂದು ಮುಂದಿಂದಕ್ಕ ದಬ್ಬಿದ್ರ ಹಿಡಿಯೋರ್ಯಾರ್ರಿ?”

ಎಳೆಯುವುದನ್ನು ನೋಡಿದ್ದೆವು, ನಿಲ್ಲಿಸುವುದನ್ನು ಒಬ್ಬರೂ ನೋಡಿರಲಿಲ್ಲ. ಕಲ್ಲು ಹೇರಿದ ಎತ್ತಿನ ಬಂಡಿಯನ್ನು ಇಳಿಜಾರಿನಲ್ಲಿ ಇಳಿಸುವುದನ್ನು ಕಂಡು ಬೆಳೆದ ಹೆಣ್ಣುಮಗಳಿಗೆ ಹೊಳೆದದ್ದು ಇನ್‌ಸ್ಪೆಕ್ಷನ್ ವಿಭಾಗಕ್ಕೆ ಹೊಳೆದಿರಲಿಲ್ಲ. ಆಗಲೇ ‘ತಾಯೀ, ನನಗೆ ಗೊತ್ತಿಲ್ಲ’ ಎಂದುಬಿಟ್ಟಿದ್ದರೆ ಕಥೆ ಮುಗಿಯುತ್ತಿತ್ತು. ಸುತ್ತ ಇಪ್ಪತ್ತು ಜನ ನಿಂತಿದ್ದರು. “ಏನೂ ಆಗಲ್ಲಮ್ಮ, ಪಿಕಪ್ಪಿನ ಬ್ರೇಕ್ ಇದೆಯಲ್ಲ” ಎಂದೆ.

“ಹಂಗಾದ್ರ ನೀವೂ ಕೂಡ್ರಿ” ಎಂದಳು ಅವಳು. “ನಮ್ಮೂರಾಗ ಈ ಎತ್ತು ಚಲೋ ಅದ ಅಂತ ಮಾತು ಕೊಟ್ಟಾಂವ ಮೊದಲ್ನೇ ದಿನ ಅದೇ ಬಂಡ್ಯಾಗ ಕೂಡ್ತಾನ್ರಿ. ಕೂಡ್ಲಿಲ್ಲಂದ್ರ ಎತ್ತು ತಗೊಳ್ಳಂಗಿಲ್ಲ.”

ಎಂಥ ಪದ್ಧತಿ! ನಮ್ಮ ಕಾರ್ಖಾನೆಯಲ್ಲಿ ಇದನ್ನು ಜಾರಿಗೆ ತಂದಿದ್ದರೆ ನಾನು ಎಂದೋ ರಾಜೀನಾಮೆ ಕೊಟ್ಟಿರುತ್ತಿದ್ದೆ. ಮನೆಯಲ್ಲಿ ಕೆಲಸವಿದೆ ಎಂದೆ. “ಏನೂ ಇಲ್ಲ, ಹೋಗಿ” ಎಂದಳು ಸುಶೀಲ. ಹೊಸೂರಿನವರೆಗೆ ಮಾತ್ರ ಎಂದೆ. ಹತ್ತುವ ಮೊದಲು ಕೊಕ್ಕೆಯ ಹತ್ತಿರ ಹೋಗಿ, ನನಗೆ ನಿಜವಾಗಿ ತಿಳಿದ ಒಂದೇ ವಸ್ತುವನ್ನು, ಅಂದರೆ ನಾಲ್ಕು ನಟ್ಟುಗಳನ್ನು, ಮುಟ್ಟಿ ಮುಟ್ಟಿ ನೋಡಿದೆ. ಫಸ್ಟ್‌ಕ್ಲಾಸ್ ನಟ್ಟುಗಳು. ಅಷ್ಟು ಧೈರ್ಯದ ಮೇಲೆ ಬಸವರಾಜನ ಪಕ್ಕ ಕೂತೆ.

ಗೇಟು ದಾಟಿದೆವು, ಜನ ಚಪ್ಪಾಳೆ ತಟ್ಟಿದರು. ಗೇಟಿನಾಚೆ ಬೀದಿ ಕೆರೆಯ ಕಡೆಗೆ ಸ್ವಲ್ಪ ಇಳಿಜಾರು. ದಿನಾ ನಡೆದಾಡುವವರಿಗೆ ಗೊತ್ತೇ ಆಗದಷ್ಟು ಇಳಿಜಾರು. ಮನೆಗಾಡಿಗೆ ಗೊತ್ತಾಯಿತು. ಹಿಂದಿನಿಂದ ಯಾರೋ ಕೈಯಿಟ್ಟು ನೂಕಿದ ಹಾಗಾಯಿತು. ಬಸವರಾಜ ಬ್ರೇಕ್ ತುಳಿದ. ನಮ್ಮ ಚಕ್ರಗಳು ನಿಂತವು, ಆದರೆ ನಾವು ನಿಲ್ಲಲಿಲ್ಲ. “ಸರ, ಸ್ಟೇರಿಂಗ್ ಹಗುರಾಗ್ಯದ್ರಿ, ಕೇಳವಲ್ದು!” ಎಂದು ಅವನು ಕೂಗಿದ. ನಾನು ಪಕ್ಕಕ್ಕೆ ತಿರುಗಿದೆ. ಹಿಂದೆ ಇರಬೇಕಾದ ಹೂವಿನ ಪರದೆ ನನ್ನ ಕಿಟಕಿಯ ಹತ್ತಿರವೇ ಬರುತ್ತಿತ್ತು. ಮನೆ ನಮ್ಮನ್ನು ಓವರ್‌ಟೇಕ್ ಮಾಡುತ್ತಿದೆ ಎಂದು ತಿಳಿಯಲು ನನಗೆ ಒಂದು ಕ್ಷಣ ಬೇಕಾಯಿತು. ಆ ಕ್ಷಣದಲ್ಲಿ ನಾನು ‘ಅಮ್ಮಾ’ ಎಂದೆನೋ ‘ಮಾತೆ’ ಎಂದೆನೋ ನೆನಪಿಲ್ಲ.

ಎದುರು ಮನೆ ಕಟ್ಟುತ್ತಿದ್ದವರು ಬೀದಿಯಲ್ಲೇ ಮರಳು ಸುರಿದಿದ್ದರು. ಪುಣ್ಯಾತ್ಮರು. ಪಿಕಪ್ಪಿನ ಮೂತಿ ಅದರಲ್ಲಿ ಹೂತು ನಿಂತಿತು. ಒಂದು ಬಾಗಿಲು ನೆಗ್ಗಿತು, ನನ್ನ ಕನ್ನಡಕ ಒಡೆಯಿತು, ಅಷ್ಟೆ. ನಾಲ್ಕೂ ನಟ್ಟುಗಳು ಮಾತ್ರ ಅಲುಗಾಡಿರಲಿಲ್ಲ. ಶರಣಮ್ಮ ಓಡಿ ಬಂದು ಗಂಡನ ತಲೆ, ಭುಜ, ಕೈ ಎಲ್ಲ ಮುಟ್ಟಿ ನೋಡಿದಳು. ಆಮೇಲೆ ನನ್ನ ಕಡೆ ನೋಡಿ, “ಇಳೀರಿ ಸರ” ಎಂದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಬೀದಿಯವರೆಲ್ಲ ಹಗ್ಗ ಹಾಕಿ ಮನೆಗಾಡಿಯನ್ನು ಅಂಗಳಕ್ಕೆ ವಾಪಸು ಎಳೆದರು. ಮೇರಿಯಮ್ಮ ನನಗೆ ನೀರು ಕೊಟ್ಟು, “ಪರವಾಗಿಲ್ಲ ತಂಬಿ, ನಾನು ಒಳಗೆ ಹತ್ತೋಕ್ ಮುಂಚೇನೇ ಮಾತಾ ಬೇಡ ಅಂತ ಹೇಳಿಬಿಟ್ಳು” ಎಂದರು. ಮುಂದಿನ ತಿಂಗಳು ಅವರು ರೈಲಿನಲ್ಲಿ ಕೆಳಗಿನ ಬರ್ತಿನಲ್ಲಿ ಮಲಗಿಕೊಂಡೇ ಹೋಗಿಬಂದರು. ರೈಲು ಇದೆ ಎಂಬುದು ಸೆಲ್ವರಾಜ್ ಅವರಿಗಾಗಲಿ ನನಗಾಗಲಿ ಯಾಕೆ ಹೊಳೆಯಲಿಲ್ಲವೋ! ಮನೆಗಾಡಿಯಲ್ಲಿ ಆ ಬೆಕ್ಕು ಮರಿ ಹಾಕಿತಂತೆ.

ಆ ದಿನ ಮನೆಗೆ ಬಂದು, ಒಡೆದ ಕನ್ನಡಕ ಮೇಜಿನ ಮೇಲಿಟ್ಟು ಕೂತಿದ್ದೆ. ಸುಶೀಲ ಕಾಫಿ ತಂದಿಟ್ಟಳು. ಹಿತ್ತಲಲ್ಲಿ ಶರಣಮ್ಮ ರೊಟ್ಟಿ ತಟ್ಟುವ ಸದ್ದು ಕೇಳುತ್ತಿತ್ತು. ಬಸವರಾಜ ಏನೋ ಹೇಳಿ ನಗುತ್ತಿದ್ದ.

“ಒಂದು ಕೇಳ್ತೀನಿ, ನಿಜ ಹೇಳ್ರೀ” ಎಂದಳು ಸುಶೀಲ. “ಅವಳು ನಿಮ್ಮನ್ನ ಕೂರಿಸದೇ ಇದ್ದಿದ್ರೆ, ಅವನೊಬ್ಬನನ್ನೇ ಕಳಿಸಿಬಿಡ್ತಿದ್ರಾ?”

ಕಾಫಿಯ ಲೋಟ ಕೈಗೆತ್ತಿಕೊಂಡೆ.

“ಗೊತ್ತಿಲ್ಲ” ಎಂದೆ.

ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲ ಸಲ. ಸುಶೀಲ ಆಶ್ಚರ್ಯದಿಂದ ನನ್ನ ಮುಖ ನೋಡಿದಳು. ಆದರೆ ಅದೊಂದು ಪ್ರಶ್ನೆಗೆ ಮಾತ್ರ ಉತ್ತರ ನನಗೆ ಚೆನ್ನಾಗಿ ಗೊತ್ತಿತ್ತು.