ಇಳಿಜಾರಿನ ಮೈಲಿಗಳನ್ನು ಲೆಕ್ಕಕ್ಕೆ ಹಿಡಿಯದ ಶಿರಸ್ತೇದಾರರಿಗೆ

ಶೆಟ್ಟಿಕೊಪ್ಪ,
೨೦ ಜೂನ್ ೧೯೮೨

ನಿವೃತ್ತ ಶಿರಸ್ತೇದಾರರೂ, ಬೂದು ಬಣ್ಣದ ಕಾರೊಂದರ ಏಕೈಕ ಒಡೆಯರೂ, ನನ್ನ ಕೈಹಿಡಿದವರೂ ಆದ ಶ್ರೀ ವಾಸಪ್ಪನವರ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಧರ್ಮಪತ್ನಿ ಜಲಜಮ್ಮ ಮಾಡುವ ಸವಿನಯ ನಮಸ್ಕಾರಗಳು. ಗಂಡನ ಹೆಸರನ್ನು ಬಾಯಲ್ಲಿ ಹೇಳುವ ರೂಢಿ ನಮ್ಮಲ್ಲಿಲ್ಲ. ಬರೆಯಬಾರದೆಂದು ಯಾರೂ ಹೇಳಿಕೊಟ್ಟಿಲ್ಲವಾದ್ದರಿಂದ ಬರೆದಿದ್ದೇನೆ. ಮೂವತ್ತು ವರ್ಷ ಕಚೇರಿಯಲ್ಲಿ ಕುಳಿತ ತಾವು ಲಿಖಿತ ಅರ್ಜಿಯಿಲ್ಲದೆ ಯಾವ ಮಾತನ್ನೂ ಕಿವಿಗೆ ಹಾಕಿಕೊಳ್ಳುವವರಲ್ಲ ಎಂಬುದು, ಅಡುಗೆಮನೆಯಿಂದ ಎರಡು ವರ್ಷ ಕೂಗಿದ ಮೇಲೆ ನನಗೆ ಹೊಳೆಯಿತು. ಅಲ್ಲದೆ, ನಲವತ್ತಮೂರನೇ ವಯಸ್ಸಿನಲ್ಲಿ ನಾನು ಎಸ್ಸೆಸ್ಸೆಲ್ಸಿ ಪಾಸಾದದ್ದು ತಾವು ಸರಿಯಾದ ಹೊತ್ತಿಗೆ ಕಾರಿನಲ್ಲಿ ಕೊಪ್ಪಕ್ಕೆ ಬಿಟ್ಟು ಬಂದದ್ದರಿಂದಲೇ ಎಂದು ಊರಿನ ವಾಚನಾಲಯದಲ್ಲಿ ದಿನವೂ ಹೇಳುತ್ತಿರುವುದಾಗಿ ತಿಳಿದುಬಂದಿರುವುದರಿಂದ, ಈ ಪತ್ರದ ಒಂದು ಪ್ರತಿಯನ್ನು ಅದೇ ವಾಚನಾಲಯದ ಫಲಕಕ್ಕೆ ಅಂಟಿಸಲಾಗಿದೆ.

ಕಾರಿನ ಮೇಲೆ ತಮಗಿರುವ ಪ್ರೀತಿಯನ್ನು ಸಂಶಯಿಸುವಷ್ಟು ಕೃತಘ್ನಳು ನಾನಲ್ಲ. ಬೆಳಗಾದರೆ ಅದರ ಮೈ ತೊಳೆದು, ನನ್ನ ಹಳೆಯ ರೇಷ್ಮೆ ಸೀರೆಯ ತುಂಡಿನಿಂದ ಒರೆಸಿ, ಬಂಪರಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತೀರಿ. ಹೊರಗೆ ಹಚ್ಚುವ ಎಣ್ಣೆಯ ವಿಷಯದಲ್ಲಿ ತಮ್ಮಷ್ಟು ಉದಾರಿಗಳು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರು ತಾಲ್ಲೂಕುಗಳಲ್ಲೂ ಸಿಗಲಾರರು. ಇಂಜಿನ್ನಿನೊಳಗಿನ ಆಯಿಲ್ಲನ್ನು ಮಾತ್ರ ಕಾರು ಕೊಂಡ ದಿನದಿಂದ ಮುಟ್ಟಿರಲಿಲ್ಲ. ಮೂರು ಸಾವಿರ ಮೈಲಿಗೊಮ್ಮೆ ಬದಲಾಯಿಸಲೇಬೇಕೆಂದು ಕೊಪ್ಪದ ಮೆಕ್ಯಾನಿಕ್ ಚಾಂದ್ ಪಾಷಾ ಸಾಹೇಬರು ಹೇಳಿದಾಗ ತಾವು ಒಂದು ಆದೇಶ ಹೊರಡಿಸಿದಿರಿ: ಇಳಿಜಾರಿನಲ್ಲಿ ಇಂಜಿನ್ ಆಫ್ ಮಾಡಿದ ಮೇಲೆ ಕಾರು ತಾನಾಗಿ ಉರುಳುವುದರಿಂದ ಆ ಮೈಲಿಗಳನ್ನು ಕಳೆಯತಕ್ಕದ್ದು. ಹೋಗುವಾಗ ಇಳಿದದ್ದನ್ನು ಬರುವಾಗ ಹತ್ತಲೇಬೇಕಲ್ಲ ಎಂಬ ನನ್ನ ಆಕ್ಷೇಪಣೆ ಪರಿಶೀಲನೆಯಲ್ಲಿದೆ ಎಂದಿರಿ. ಈಗಲೂ ಇದೆ.

ಪಾಪದ ಇಂಜಿನ್ನು ತನಗೆ ತಿಳಿದಂತೆಲ್ಲ ಅರ್ಜಿ ಹಾಕಿಕೊಂಡಿತು. ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದರೆ ಕಾಡಿಗೆ ಕಲಸಿದ ಜೋನಿಬೆಲ್ಲದಂಥದ್ದು ಅಂಟಿಕೊಂಡು ಬರುತ್ತಿತ್ತು, ಬೆರಳಲ್ಲಿ ಉಜ್ಜಿದರೆ ಮರಳು ಮರಳು. ಎಣ್ಣೆ ಪಾಕಕ್ಕೆ ಬಂದಿದೆ ಎಂದಿರಿ. ಸ್ಟಾರ್ಟ್ ಮಾಡಿದ ಕೂಡಲೇ ಟಕಟಕ ಸದ್ದು ಶುರುವಾಯಿತು. ಗಟ್ಟಿ ಇಂಜಿನ್ನಿನ ಲಕ್ಷಣ ಎಂದಿರಿ. ಬಾಳೆಹೊನ್ನೂರಿನ ದಾರಿಯಲ್ಲಿ ಸುಟ್ಟ ವಾಸನೆ ಬಂದಾಗ, ಒಲೆಯ ಮೇಲೆ ಏನಾದರೂ ಇಟ್ಟು ಬಂದೆಯಾ ಎಂದು ನನ್ನನ್ನು ಗದರಿದಿರಿ. ಕೊನೆಗೆ ಮೀಟರಿನ ಪಕ್ಕದ ಕೆಂಪು ದೀಪವೇ ಹೊತ್ತಿಕೊಂಡಾಗ, ಕಣ್ಣಿಗೆ ಚುಚ್ಚುತ್ತದೆಂದು ಅದರ ಮೇಲೊಂದು ಅಂಚೆಚೀಟಿ ಅಂಟಿಸಿದಿರಿ. ತಮ್ಮ ಸಮಯಪ್ರಜ್ಞೆಗೆ ಸರ್ಕಾರ ಇನ್ನೂ ಪದಕ ಕೊಡದಿರುವುದು ನನಗೆ ಆಶ್ಚರ್ಯ.

ಗಣಿತ ಪರೀಕ್ಷೆಯ ದಿನ ನಾನು ಬಸ್ಸಿಗೇ ಹೊರಟಿದ್ದೆ. ಕಾರಿರುವ ಮನೆಯ ಹೆಂಗಸು ಬಸ್ಸಿನಲ್ಲಿ ನೇತಾಡಿದರೆ ತಮ್ಮ ಮರ್ಯಾದೆ ಏನಾಗಬೇಕೆಂದು ತಡೆದಿರಿ. ಕೊಪ್ಪ ಇನ್ನೂ ಐದು ಮೈಲಿ ಇರುವಾಗ, ಏರಿನಲ್ಲಿ, ಟಕಟಕವು ದಡದಡವಾಗಿ, ಒಳಗೆ ಏನೋ ಕಚ್ಚಿಕೊಂಡು ಕಾರು ನಿಂತೇಬಿಟ್ಟಿತು. ಪೆಟ್ರೋಲು ಕಲಬೆರಕೆ ಎಂದು ತಾವು ಬಾನೆಟ್ಟಿನ ಹೊಗೆಯೊಳಗಿಂದ ತೀರ್ಪು ಕೊಡುತ್ತಿರುವಾಗ ನಾನು ಬಿಟ್ಟುಬಂದ ಬಸ್ಸು ಹಾರ್ನ್ ಹೊಡೆಯುತ್ತ ನಮ್ಮನ್ನು ದಾಟಿಹೋಯಿತು. ಕೈ ತೋರಿಸಿದರೂ ನಿಲ್ಲಲಿಲ್ಲ. ಎರಡು ವರ್ಷ ಸಾರು ಕುದಿಯುವ ಹೊತ್ತಿನಲ್ಲೆಲ್ಲ ಪ್ರಮೇಯ ಬಾಯಿಪಾಠ ಮಾಡಿದವಳು ನಾನು. ಮೈಲಿಗಲ್ಲಿನ ಮೇಲೆ ಕುಳಿತು ಅತ್ತೆ. ಅದನ್ನು ತಾವು ನೋಡಿದಿರಿ.

ಆಮೇಲೆ ಬಸರೀಕಟ್ಟೆಯ ತೋಟದ ಜೀಪು ಬಂತು, ತುಂಬ ಕೆಲಸದ ಹೆಂಗಸರು. ಹಾಲ್ ಟಿಕೆಟ್ ತೋರಿಸಿ ಗೋಗರೆದೆ. ಅವರಲ್ಲಿ ಸೀತಕ್ಕ ಎಂಬುವರು ಕೈಚಾಚಿ, "ಬನ್ನಿ ಅಮ್ಮ, ಜಾಗ ಇಲ್ದಿದ್ರೆ ನನ್ ತೊಡೆ ಮೇಲೆ ಕೂತ್ಕಳಿ" ಎಂದರು. ಹಾಗೆಯೇ ಹೋದೆ. ಪರೀಕ್ಷೆ ಶುರುವಾಗಿ ಇಪ್ಪತ್ತು ನಿಮಿಷವಾಗಿತ್ತು. ಪುಣ್ಯಕ್ಕೆ ಒಳಗೆ ಬಿಟ್ಟರು. ಕೈವಾರದ ಡಬ್ಬಿ ಕಾರಿನಲ್ಲೇ ಉಳಿದಿದ್ದರಿಂದ ಬಳೆ ಬಿಚ್ಚಿಟ್ಟು ವೃತ್ತ ಗೀಚಿದೆ. ಬಂದ ಅಂಕ ನಲವತ್ತೊಂದು.

ಇಷ್ಟಾದರೂ ಒಂದು ಮಾತನ್ನು ಮುಚ್ಚಿಟ್ಟರೆ ನನಗೆ ಒಳ್ಳೆಯದಾಗದು. ಮಧ್ಯಾಹ್ನ ಹೊರಗೆ ಬಂದರೆ ತಾವು ಶಾಲೆಯ ಗೇಟಿನ ಬಳಿ ನಿಂತಿದ್ದಿರಿ. ಆ ಬಿಸಿಲಿನಲ್ಲಿ ಐದು ಮೈಲಿ ನಡೆದು, ಒಂದು ಚಪ್ಪಲಿ ಕಿತ್ತು, ಹೆಬ್ಬೆರಳಲ್ಲಿ ರಕ್ತ, ಎದೆಗೆ ಒತ್ತಿ ಹಿಡಿದ ನನ್ನ ಡಬ್ಬಿ.

"ಇದು ಬೇಕಾಯ್ತಾ?" ಎಂದಿರಿ.

ಬೇಕಾಗಲಿಲ್ಲ ಎಂದೆ. ಅದು ಸುಳ್ಳು. ವಾಚನಾಲಯದಲ್ಲಿ ತಾವು ಆ ಐದು ಮೈಲಿಯ ಕಥೆ ಹೇಳಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ತಾವು ಹೇಳಿದ್ದು ಕಾರಿನ ಕಥೆ.

ಚಾಂದ್ ಪಾಷಾ ಸಾಹೇಬರು ಇಂಜಿನ್ ಬಿಚ್ಚಿದಾಗ ತಳದಲ್ಲಿ ಆಯಿಲ್ ಇರಲಿಲ್ಲ, ಗದ್ದೆಯ ಕೆಸರಿನಂಥದ್ದಿತ್ತು. ಕೆಂಪು ದೀಪ ಹತ್ತಿದ ಕೂಡಲೇ ನಿಲ್ಲಿಸಿದ್ದರೆ ಉಳಿಯುತ್ತಿತ್ತು ಎಂದು ಅವರು ನನಗೆ ಹೇಳಿದರು. ಅಂಚೆಚೀಟಿಯ ಸಂಗತಿ ಅವರಿಗೆ ಹೇಳಲು ನನಗೆ ನಾಚಿಕೆಯಾಯಿತು. ಎರಡು ತಿಂಗಳ ನಂತರ ಕಾರು ಮನೆಗೆ ಬಂದಿದೆ. ಹೊಸ ಎಣ್ಣೆ ಜೇನಿನಂತಿದೆ, ಇನ್ನು ಮೂರು ವರ್ಷ ಚಿಂತೆಯಿಲ್ಲ ಎಂದು ನಿನ್ನೆ ಊಟದ ಹೊತ್ತಿಗೆ ತಾವು ಘೋಷಿಸಿದಿರಿ. ಆದ್ದರಿಂದ ನನ್ನ ಪ್ರಾರ್ಥನೆ ಇಷ್ಟು: ಒಂದೋ, ಮೀಟರು ತೋರಿಸಿದಷ್ಟು ಮೈಲಿಗಳನ್ನು ಅಷ್ಟೇ ಎಂದು ಒಪ್ಪಿಕೊಳ್ಳಬೇಕು, ಇಲ್ಲವೇ, ತಮ್ಮ ಹಳೆಯ ಪ್ರಭಾವ ಬಳಸಿ ಮಲೆನಾಡಿನ ಏರುಗಳನ್ನೆಲ್ಲ ರದ್ದುಪಡಿಸಿ, ಎರಡೂ ಕಡೆಗೆ ಇಳಿಜಾರಿರುವ ರಸ್ತೆಯೊಂದನ್ನು ಕೊಪ್ಪದವರೆಗೆ ಮಂಜೂರು ಮಾಡಿಸಬೇಕು.

ಸಿಟ್ಟು ಇಳಿದಿದ್ದರೂ ಮರೆವು ಬಾರದ,
ತಮ್ಮ ವಿಶ್ವಾಸಿ,
ಜಲಜಮ್ಮ

ವಿ.ಸೂ.: ಸೋಮವಾರ ಬೆಳಗ್ಗೆ ಏಳರಿಂದ ಚಾಂದ್ ಪಾಷಾ ಸಾಹೇಬರು ನನಗೆ ಕಾರು ಓಡಿಸಲು ಕಲಿಸುತ್ತಾರೆ. ಹಿಂದಿನ ಸೀಟಿನಲ್ಲಿ ತಮಗೆ ಜಾಗವಿದೆ. ಹತ್ತಿದ ಮೇಲೆ ಬಾಗಿಲನ್ನು ಮೆಲ್ಲಗೆ ಹಾಕಿಕೊಳ್ಳಬೇಕಾಗಿ ವಿನಂತಿ.